ಉಪ್ಪಿಗೆ ಬಂದ ಪಾತರಗಿತ್ತಿ

ಹೊಳೆದಂಡೆಯ ಮಠದಲ್ಲಿ ಹೂದೋಟದ ಸೇವೆ ನೀಲವ್ವನ ಪಾಲಿಗೆ ಬಂದಿತ್ತು. ಏಳು ವರ್ಷದ ಮಗಳನ್ನು ಜ್ವರದಲ್ಲಿ ಕಳೆದುಕೊಂಡು, ಮಠದ ಸ್ವಾಮಿಗಳಾದ ಅಜ್ಜಾರ ಪಾದವೇ ಗತಿ ಎಂದು ಬಂದವಳು ಅವಳು.

ಮಗಳಿಗೆ ಪಾತರಗಿತ್ತಿ ಎಂದರೆ ಜೀವ. ಅವು ಬರಲೆಂದೇ ನೀಲವ್ವ ತೋಟದ ತುಂಬ ಚೆಂಡುಹೂ, ದಾಸವಾಳ ನೆಟ್ಟಳು.

ಚೈತ್ರದಲ್ಲಿ ಅವು ಬಂದವು. ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಗಿಡಗಳ ನಡುವೆ ಅಳುತ್ತ ಕೂತಿದ್ದ ನೀಲವ್ವನ ಕೆನ್ನೆಗೆ ಬಂದು ಕೂತವು.

ವಾರ ಕಳೆಯುವಷ್ಟರಲ್ಲಿ ಅವಳ ಮುಖವೇ ಕಾಣದಾಯಿತು. ಮುಖವಿರಬೇಕಾದ ಕಡೆ ರೆಕ್ಕೆಗಳು ಮೆಲ್ಲಗೆ ತೆರೆದು ಮುಚ್ಚುತ್ತಿದ್ದವು. ಮಠದವರು ತೋಟದ ದಾರಿಯನ್ನೇ ಬಿಟ್ಟರು. ಹೆದರಿಕೆ ಆಗದೆ ಇರುತ್ತದೆಯೇ?

ನೀಲವ್ವ ಊಟ ಬಿಟ್ಟಳು. ಕಣ್ಣೀರು ಬಾರದ ದಿನ ಮಗಳ ಬಳೆ ಹಿಡಿದು ಕೂತು ಬರಿಸಿಕೊಂಡಳು. ಮೈ ಕಡ್ಡಿಯಾಯಿತು.

ಒಂದು ಬೆಳಿಗ್ಗೆ ಅಜ್ಜಾರು ತೋಟಕ್ಕೆ ಬಂದರು.

“ಹಿಂಗಾದ್ರ ನೀ ಉಳಿಯಂಗಿಲ್ಲವ್ವ.”

“ನನ್ನ ಮಗಳು ಬಂದಾಳ್ರಿ ಅಜ್ಜಾರ. ಗೆಳತ್ಯಾರನ್ನ ಕರ್ಕೊಂಡು ಬಂದಾಳ.”

“ಇವು ನಿನ್ನ ಕಣ್ಣೀರಿನ ಉಪ್ಪಿಗೆ ಬಂದಾವ.”

“ಅಲ್ರಿ!”

ಅಜ್ಜಾರು ವಾದಕ್ಕೆ ನಿಲ್ಲಲಿಲ್ಲ. ಅಡುಗೆಮನೆಯಿಂದ ಒಂದು ಹಿಡಿ ಉಪ್ಪು ತಂದು, ಹೊಳೆಯ ಕೆಸರಿನಲ್ಲಿ ಕಲಸಿ, ಅಗಲ ತಟ್ಟೆಯಂಥ ಪರಾತದಲ್ಲಿ ಹರಡಿ ಬಿಸಿಲಿಗಿಟ್ಟರು.

ಒಂದು ಎದ್ದಿತು. ಅದರ ಹಿಂದೆ ಹತ್ತು. ನೋಡನೋಡುತ್ತಿದ್ದಂತೆ ಎಲ್ಲವೂ ಪರಾತಕ್ಕೆ ಮುತ್ತಿದವು.

ನೀಲವ್ವ ಚೀರಿದಳು. ಮಗಳನ್ನು ಮಣ್ಣು ಮಾಡಿದ ದಿನವೂ ಅವಳು ಹಾಗೆ ಚೀರಿರಲಿಲ್ಲ.

“ಎಲ್ಲಾ ಹೋದುವಲ್ರಿ!”

ಅಜ್ಜಾರು ಅವಳ ಬಲಗೆನ್ನೆಯನ್ನೇ ನೋಡುತ್ತಿದ್ದರು.

ಅಲ್ಲಿ ಒಂದು ಉಳಿದಿತ್ತು. ಸಣ್ಣದು, ಬಿಳಿಯದು. ಕಣ್ಣೀರು ಕುಡಿಯುತ್ತಿರಲಿಲ್ಲ. ರೆಕ್ಕೆ ತೊಯ್ದು ಕೆನ್ನೆಗೆ ಅಂಟಿಕೊಂಡಿತ್ತು. ಬಿಸಿಲು ಚುರುಗುಡುತ್ತಿದ್ದರೂ ಅದರ ನೆರಳು ಎಲ್ಲೂ ಬಿದ್ದಿರಲಿಲ್ಲ.

ಅಜ್ಜಾರು ಕೈ ಮುಗಿದರು.

“ಇದಕ್ಕ ಉಪ್ಪು ಬ್ಯಾಡಾಗೇತಿ.”

ನೀಲವ್ವ ಕೆನ್ನೆ ಮುಟ್ಟಲು ಎತ್ತಿದ ಕೈ ಅರ್ಧಕ್ಕೇ ನಿಂತಿತು.

“ಮತ್ತೇನು ಬೇಕ್ರಿ ಇದಕ್ಕ? ಹೇಳ್ರಿ, ಏನಿದ್ರೂ ಕೊಡ್ತೀನಿ.”

“ಹೋಗಬೇಕಾಗೇತಿ. ನೀ ಅತ್ತು ಅತ್ತು ರೆಕ್ಕಿ ಒಣಗಾಕ ಬಿಡವಲ್ಲಿ.”