ಗೌಡ್ರ ಕೊರಳಿಗೆ ಬಿದ್ದ ಬೋಣಿ ಹಾರ

ಗಡಿಯೂರಿನ ಸಹಕಾರಿ ಬ್ಯಾಂಕಿನ ಜವಾನ ದುಂಡಪ್ಪನಿಗೆ ಆ ಸಂತೆ ದಿನ ತಲೆ ಕೆಟ್ಟುಹೋಗಿತ್ತು. ಮೆಣಸಿನಕಾಯಿ ದರ ಮೊದಲೇ ನೆಲಕಚ್ಚಿತ್ತು. ಅದರ ಮೇಲೆ ಶಾಸಕ ಅಡಿವೆಪ್ಪಗೌಡ್ರು, "ಸಾಲ ಯಾರೂ ಕಟ್ಟಬ್ಯಾಡ್ರಿ, ಮನ್ನಾ ಮಾಡಿಸ್ತೀನಿ" ಅಂತ ಭಾಷಣ ಬಿಗಿದಿದ್ರು. ಬ್ಯಾಂಕು ಮುಳುಗ್ತದಂತ ಗುಲ್ಲೆದ್ದು, ಇಟ್ಟ ದುಡ್ಡು ವಾಪಸ್ ಕೇಳೋ ಜನ ಮೂರು ಊರಿನಾಚೆವರೆಗೂ ಸಾಲುಗಟ್ಟಿದ್ರು.

ಅಷ್ಟರಲ್ಲಿ ಗೌಡ್ರೇ ಖಾಲಿ ಚೀಲ ಹಿಡ್ಕೊಂಡು ಹಿತ್ತಿಲ ಬಾಗಿಲಿಗೆ ಬಂದ್ರು. "ಲೇ ದುಂಡ್ಯಾ, ಮೊದಲು ನನ್ನ ದುಡ್ಡು ತೆಗಿಸು!"

'ಬೆಂಕಿ ಹಚ್ಚಿದವರೂ ಇವರೇ, ಮೊದಲು ಓಡೋರೂ ಇವರೇ' ಅಂತ ದುಂಡಪ್ಪನ ಮೈ ಉರಿಯಿತು.

ಸಂತೆ ದಿನ ಮೊದಲು ಹಣ ಇಡೋರಿಗೆ ಗಂಟೆ ಬಾರಿಸಿ ಬೋಣಿ ಹಾರ ಹಾಕೋದು ಆ ಬ್ಯಾಂಕಿನ ಪದ್ಧತಿ. ದುಂಡಪ್ಪ ಚೀಲ ಕಸಿದು ಹಳೇ ಗೋಣಿತಟ್ಟು ತುರುಕಿದ. ಅದನ್ನು ತಲೆ ಮೇಲೆ ಹೊತ್ತು, ಸೊಂಟ ಮುರಿದವನಂತೆ ನರಳುತ್ತ, ಗೌಡ್ರನ್ನು ಮುಂಬಾಗಿಲಿಗೆ ಎಳೆತಂದು ಹಾರ ಹಾಕಿದ. ಗಂಟೆ ಬಾರಿಸಿದ ರಭಸಕ್ಕೆ ಆಚೆ ರಾಜ್ಯದ ಎತ್ತುಗಳೂ ಎದ್ದು ನಿಂತವು!

"ಗೌಡ್ರು ದುಡ್ಡು ಇಡಾಕ ಬಂದಾರ್ರೋ!" ಅಂತ ದುಂಡಪ್ಪ ಕೂಗಿದ.

"ಹಂಗಾದ್ರ ನಮಗೇನು ಭಯ?" ಅಂತ ಜನ ಚಪ್ಪಾಳೆ ತಟ್ಟಿ ಸಾಲು ಮುರಿದರು.

ಒಳಗೆ ಬಂದು ಗೌಡ್ರು ಹಲ್ಲು ಕಡಿದ್ರು. "ನನ್ನ ದುಡ್ಡು ಕೊಡೋ ಲೇ!"

"ಈಗ್ಲೇ ಒಯ್ರಿ ಧಣಿ. ಹಿತ್ತಿಲ ಬಾಗಿಲಿಗೆ ಬೀಗ ಹಾಕೀನಿ. ಮುಂದ ಜನ ನಿಮಗ ಜೈಕಾರ ಹಾಕಾಕ ನಿಂತಾರ, ಅವರ ಮುಂದೇ ಚೀಲ ಹೊತ್ಕೊಂಡು ಹೋಗ್ರಿ."

ಗೌಡ್ರು ಹಾರ ಹೊತ್ತು ಬರಿಗೈಲೇ ಹೊರಬಂದು, ಎಲ್ಲರಿಗೂ ನಗುನಗುತ್ತ ಕೈಮುಗಿದರು.