ಕಿವಿಮುಚ್ಚವ್ವನಿಗೆ ಆ ಹೆಸರು ಬಂದ ಬಗೆ

ಕರೆದರೆ ಕೇಳುವವಳಿಗೆ, ಕರೆಯದಿದ್ದರೂ ಕೇಳಿಸಿಕೊಳ್ಳುವವಳಿಗೆ ಮೊದಲ ಶರಣು.

ನಮ್ಮ ಬಿಳಚಿಕಲ್ಲು ಊರಿನ ಗುಡಿಗೆ ಬಂದವರು ತಲೆ ಎತ್ತಿ ಗಂಟೆ ಹುಡುಕುತ್ತಾರೆ. ಕಬ್ಬಿಣದ ಕೊಂಡಿ ಇದೆ, ಗಂಟೆ ಇಲ್ಲ. ಎತ್ತಿದ ಕೈ ಗಾಳಿಯಲ್ಲೇ ಉಳಿಯುತ್ತದೆ. ಒಳಗೆ ಮಣ್ಣಿನ ದೇವಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ನಗುತ್ತಾ ಕೂತಿದ್ದಾಳೆ. ನಮ್ಮ ಬೇಡಿಕೆ ಇವಳಿಗೆ ಬೇಡವಾಯಿತೇನೋ ಎಂದು ಹೊಸಬರು ಗಾಬರಿಯಾಗುವುದುಂಟು. ಹಾಗಲ್ಲ.

ಹಿಂದೆ ಒಮ್ಮೆ ಈ ಊರಿನ ಮೇಲೋಣಿಗೂ ಕೆಳೋಣಿಗೂ ಭಕ್ತಿಯಲ್ಲಿ ಭಾರೀ ಪೈಪೋಟಿ ಇತ್ತು ಎನ್ನುತ್ತಾರೆ. ಮಂಗಳಾರತಿಗೆ ಮೇಲೋಣಿಯವರು ಆರು ಜಾಗಟೆ ತಂದರೆ ಕೆಳೋಣಿಯವರು ಹತ್ತು ಡೊಳ್ಳು ತರುವರು. ಮೂವತ್ತು ವರ್ಷ ಇದರ ನಡುವೆ ನಿಂತು ಆರತಿ ಎತ್ತಿದ ಪೂಜಾರಿ ಕೆಂಚಪ್ಪನಿಗೆ ಕಿವಿ ಪೂರಾ ಮಂದವಾಗಿತ್ತು. ಊರವರು ಅದನ್ನು ಧ್ಯಾನವೆಂದು ತಿಳಿದಿದ್ದರು. ವರ್ಷಕ್ಕೊಮ್ಮೆ ದೇವಿಯನ್ನು ಹೊಸ ಮಣ್ಣಿನಲ್ಲಿ ಮಾಡುವವಳು ಕುಂಬಾರರ ಫಕೀರವ್ವ. ಅವಳ ಮೊಮ್ಮಗಳು ಹೊನ್ನಿಗೆ ಹುಟ್ಟಿನಿಂದಲೇ ಸದ್ದು ತಡೆಯದು. ಡೊಳ್ಳು ಬಡಿದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಕ್ಕರಿಸುವಳು. ದೇವಿಯ ಮುಂದೆ ಕಿವಿ ಮುಚ್ಚುವುದು ಅಪಚಾರವೆಂದು ಹಿರಿಯರು ಅವಳನ್ನು ಗುಡಿಯಿಂದ ಹೊರಗಿಟ್ಟರು. "ನಾ ಒಡಕು ಗಡಿಗಿ, ಅಜ್ಜಿ. ಅವ್ವಗ ನಾ ಬ್ಯಾಡ," ಎಂದಿತು ಕೂಸು.

ಫಕೀರವ್ವ ಎರಡು ಗಡಿಗೆ ತಂದು ಬೆರಳಿನಿಂದ ತಟ್ಟಿದಳು. ಒಡಕಿನದು ದಬ್ ಎಂದಿತು. ತೆಳುವಾದದ್ದು ಠಣ್ ಎಂದು ಬಹಳ ಹೊತ್ತು ಗುಂಯ್‌ಗುಟ್ಟಿತು. "ಕೇಳಿದೇನ? ನೀ ಒಡಕಲ್ಲ ನನ್ನವ್ವ, ತೆಳು. ಬೆರಳು ತಾಗಿದ್ರ ಸಾಕು, ಮೈಯೆಲ್ಲಾ ದನಿ. ಗಾಡ್ಯಾಗ ದಪ್ಪ ಗಡಿಗಿ ಜೋಡಿ ಪೇರಿಸಬಾರದು, ಅಷ್ಟ."

ಆ ವರ್ಷ ಅಜ್ಜಿಯ ಬೆರಳು ಬಾತಿದ್ದವು. ದೇವಿಯ ಕೈಗಳನ್ನು ಮಾತ್ರ ಗುಡಿಯೊಳಗೆ, ಎಲ್ಲಕ್ಕಿಂತ ಕಡೆಗೆ, ಹಸಿಮಣ್ಣಿನಿಂದ ಕೂಡಿಸುವುದು ಪದ್ಧತಿ. ಕುಂಬಾರರ ಮನೆಯವರೇ ಕೂಡಿಸಬೇಕು. ಬೇರೆ ದಾರಿಯಿಲ್ಲದೆ ಹಿರಿಯರು ಹೊನ್ನಿಯನ್ನು ಒಳಗೆ ಬಿಟ್ಟರು. ಅವಳು ಹೊರಗೆ ಬರುವ ತನಕ ಯಾರೂ ಬಾರಿಸಬಾರದೆಂದು ಮಾತಾಯಿತು. ಕೂಸು ಮಣ್ಣಿನ ಕೈಯೊಂದನ್ನು ಎತ್ತಿಕೊಂಡಿತ್ತಷ್ಟೇ, ಮೇಲೋಣಿಯವನೊಬ್ಬ ಅಭ್ಯಾಸಬಲದಿಂದ ಜಾಗಟೆಗೆ ಒಂದೇಟು ಹಾಕಿದ. ಕೆಳೋಣಿ ಸುಮ್ಮನಿರುತ್ತದೆಯೇ? ಹತ್ತೂ ಡೊಳ್ಳು ಎದ್ದವು. ಹೊನ್ನಿಯ ಕಣ್ಣಲ್ಲಿ ನೀರು ಸುರಿಯಿತು, ಆದರೆ ಕೈ ತನ್ನ ಕಿವಿಗೆ ಹೋಗಲಿಲ್ಲ. ಮೊದಲು ದೇವಿಯ ಕೈಗಳನ್ನು ದೇವಿಯ ಕಿವಿಗೆ ಒತ್ತಿ, ಆಮೇಲೆ ತನ್ನ ಕಿವಿ ಮುಚ್ಚಿಕೊಂಡು ಅವಳ ಪಕ್ಕ ಕುಳಿತಳು.

ದೇವಿಯ ಮುಂದಿನ ತೆರೆ ಸರಿದಾಗ ವಾದ್ಯಗಳು ತಾವಾಗಿ ನಿಂತವು. "ನಿಮ್ಮ ಡೊಳ್ಳಿಗೇ ಅವ್ವ ಕಿವಿ ಮುಚ್ಯಾಳ," ಎಂದರು ಮೇಲೋಣಿಯವರು. "ಮೊದಲು ಜಾಗಟಿ ಬಡದವರ‍್ಯಾರು?" ಎಂದರು ಕೆಳೋಣಿಯವರು. ಹಿರಿಯರು ಹೊನ್ನಿಯತ್ತ ತಿರುಗಿದರು. ಅವಳು ಹೆದರಲಿಲ್ಲ. "ಅವ್ವನೂ ತೆಳು," ಎಂದಳು, "ನನ್ನಂಗ." ಕಡೆಗೆ, ಇದು ಅಪಚಾರವೋ ಅಲ್ಲವೋ ಎಂದು ಎಲ್ಲರೂ ಕೆಂಚಪ್ಪನನ್ನು ಕೇಳಿದರು. ಅವನು ಅಷ್ಟು ಬಾಯಿ ಆಡುವುದನ್ನು ನೋಡಿ, ಪ್ರಸಾದದ ಗಲಾಟೆಯೆಂದು ತಿಳಿದು, "ಮೊದಲು ಕೂಸಿಗೆ ಕೊಡ್ರಿ," ಎಂದ. ಅದೇ ತೀರ್ಪಾಯಿತು: ಮೊದಲ ಪ್ರಸಾದವೇ ಕೂಸಿಗೆಂದ ಮೇಲೆ ಅಪಚಾರವೆಲ್ಲಿ? ದೇವಿಯ ಕೈ ಎತ್ತಿದ್ದು ಹೊನ್ನಿಯೋ, ದೇವಿ ತಾನೇ ಎತ್ತಿಕೊಂಡಳೋ ಎಂಬ ವಾದ ಇಂದಿಗೂ ಇದೆ. ನನಗೆ ಅವೆರಡು ಬೇರೆಯಲ್ಲ.

ಅಂದಿನಿಂದ ಅವಳು ಕಿವಿಮುಚ್ಚವ್ವ. ಕೊಂಡಿಯಿಂದ ಗಂಟೆಯನ್ನೂ ಅಂದೇ ಇಳಿಸಿದರು. ಕುಂಬಾರರ ಮನೆಯ ಅತಿ ಚಿಕ್ಕವರೇ ಪ್ರತಿವರ್ಷ ಕೈ ಕೂಡಿಸುತ್ತಾರೆ. ದೇವಿಯ ಮಣಿಕಟ್ಟಿನ ಮೇಲೆ ಎಳೆಯ ಹೆಬ್ಬೆರಳಿನ ಗುರುತನ್ನು ನೀವೂ ಕಾಣಬಹುದು. ಆರತಿಯ ಹೊತ್ತಿಗೆ ಜಾಗಟೆ ಡೊಳ್ಳಿನ ಬದಲು ಜನ ಸದ್ದಿಲ್ಲದೆ ಅಂಗೈ ಬಿಚ್ಚಿ ಮುಚ್ಚುತ್ತಾರೆ. ಎರಡು ಓಣಿಗಳ ಪೈಪೋಟಿ ಮಾತ್ರ ನಿಂತಿಲ್ಲ: ಈಗ ಯಾರು ಹೆಚ್ಚು ಸುಮ್ಮನಿರುತ್ತಾರೆಂದು.

ಇದನ್ನು ಕಿವಿಗೊಟ್ಟು ಕೇಳಿದವರನ್ನೂ, ಕಿವಿ ಮುಚ್ಚಿಕೊಂಡೇ ಕೇಳಿದವರನ್ನೂ ಅವ್ವ ತಣ್ಣಗಿಟ್ಟಿರಲಿ.