ಈರಕ್ಕನ ಓರೆದಾರಿ

ಚೌಕಪುರದ ನಕ್ಷೆ ಬರೆದವರು ನನ್ನ ಮುತ್ತಾತ. ಇಲ್ಲಿನ ಒಂದೊಂದು ಬೀದಿಯೂ ಅವರ ಕೋಲಿನಲ್ಲೇ ಅಳೆದದ್ದು. ಇದು ಸುಳ್ಳು. ನನ್ನ ಮುತ್ತಾತ ಕುರಿ ಕಾಯುತ್ತಿದ್ದರು, ಅವೂ ಬೇರೆಯವರ ಕುರಿಗಳು. ಆದರೆ ಇನ್ನು ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಯಾವುದೆಂದು ನನಗೂ ಮರೆತುಹೋಗಿದೆ.

ರಾಜಧಾನಿ ನೋಡಲು ಬಂದವರು ಮೊದಲು ಸಚಿವಾಲಯದ ಗುಮ್ಮಟ ನೋಡುತ್ತಾರೆ, ಆಮೇಲೆ ಬಣ್ಣದ ಕಾರಂಜಿ, ಆಮೇಲೆ ನಾಲ್ಕು ಮುಖಕ್ಕೆ ನಾಲ್ಕು ಹೊತ್ತು ತೋರಿಸುವ ಗಡಿಯಾರದ ಗೋಪುರ. ಇಲ್ಲಿ ಎಲ್ಲವೂ ನೇರ. ಬೀದಿಗಳು ಒಂದನ್ನೊಂದು ಕತ್ತರಿಸುವ ರೀತಿಗೆ ಎರೆದ ದೋಸೆಯನ್ನೂ ಜನ ಚೌಕವಾಗಿ ಕೊಯ್ದು ತಿನ್ನುತ್ತಾರೇನೋ ಅನ್ನಿಸುತ್ತದೆ. ಇಂಥ ಊರಿನ ನಟ್ಟನಡುವೆ, ನಾಲ್ಕು ಹಳೆಯ ಕಚೇರಿಗಳ ಬೆನ್ನಿನ ಹಿಂದಿನ ಅಂಗಳದಿಂದ ಒಂದು ದಾರಿ ಹೊರಟು, ಅಷ್ಟೂ ಬೀದಿಗಳನ್ನು ಓರೆಯಾಗಿ ಸೀಳಿಕೊಂಡು, ಕೋಟೆಯ ಹೆಬ್ಬಾಗಿಲಲ್ಲಿ ಮೊಣಕೈಯಂತೆ ಒಮ್ಮೆ ಬಾಗಿ, ಈ ಕತ್ತಾಳೆಹಟ್ಟಿಯವರೆಗೆ ಬರುತ್ತದೆ. ಬಂದದ್ದು ಇಲ್ಲಿ, ಈ ಕಲ್ಲಿನ ಬಳಿ, ಕಾರಣವಿಲ್ಲದೆ ನಿಂತುಬಿಡುತ್ತದೆ. ಎದುರಿನ ಹಳೆಯ ಹೊಸ್ತಿಲಿಗೂ ಅದಕ್ಕೂ ನಡುವೆ ಹನ್ನೆರಡು ಹೆಜ್ಜೆ. ಇದನ್ನೇ ಈರಕ್ಕನ ಓರೆದಾರಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಬಯಲಿನಲ್ಲಿ ಕತ್ತಾಳೆಯಲ್ಲದೆ ಬೇರೇನೂ ಬೆಳೆಯದಿದ್ದ ಕಾಲದಲ್ಲಿ, ಬೊಮ್ಮರಸನೆಂಬ ರಾಜನಿಗೆ ಆಳುವುದಕ್ಕೆಂದೇ ಒಂದು ಹೊಸ ಪಟ್ಟಣ ಬೇಕೆನಿಸಿತು. ಸ್ಥಪತಿ ಬೈರೋಜನನ್ನು ಕರೆಸಿದ. ಆಗಿನ ಪದ್ಧತಿ ಹೀಗಿತ್ತು: ಬಯಲಿನ ನಡುವೆ ಒಂದು ಗೂಟ ನೆಟ್ಟು, ಅದಕ್ಕೆ ಹಗ್ಗವನ್ನು ಒಂದು ಸುತ್ತು ಹಾಕಿ, ಬಾಲವನ್ನು ಹಗ್ಗ ಹೊಸೆದವರ ಕೈಗೇ ಕೊಡುವುದು, ಸ್ಥಪತಿ ಇನ್ನೊಂದು ತುದಿ ಹಿಡಿದು ಎಲ್ಲೆಯವರೆಗೆ ನಡೆಯುವುದು. ಹಗ್ಗವನ್ನು ಗೂಟಕ್ಕೆ ಕಟ್ಟುವಂತಿಲ್ಲ, ಕೈಯೇ ಹಿಡಿದಿರಬೇಕು. 'ಹಿಡಿ' ಎಂದವನೇ ಬಂದು 'ಬಿಡು' ಎನ್ನಬೇಕು. ಅದಕ್ಕೆ ಮೊದಲೇ ಕೈ ಬಿಟ್ಟರೆ ಆ ಹಗ್ಗದಿಂದ ಎಳೆದ ಗೆರೆಗಳೆಲ್ಲ ಸತ್ತಂತೆ, ಹಂಚಿದ ನಿವೇಶನಗಳೆಲ್ಲ ರದ್ದು. ಬಿಟ್ಟವರ ಹಟ್ಟಿಯ ಹಗ್ಗವನ್ನು ಮುಂದೆ ಬಾವಿಗೂ ಯಾರೂ ಇಳಿಬಿಡುತ್ತಿರಲಿಲ್ಲ.

ಕತ್ತಾಳೆಹಟ್ಟಿಯಲ್ಲಿ ಹಗ್ಗ ಹೊಸೆಯುವ ಈರಕ್ಕನ ಕೈಗೆ ಬೈರೋಜ ಬಾಲ ಕೊಟ್ಟ. "ಎಲೆಯಡಿಕೆ ಅಗಿಯೋಷ್ಟು ಹೊತ್ತು ಹಿಡಿ ಅವ್ವ, ಬಂದೆ" ಎಂದ. ಈರಕ್ಕನಿಗೆ ಅವಸರವಿತ್ತು. ಹಿರಿಯ ಮಗಳು ಹೆರಿಗೆಯಲ್ಲಿ ತೀರಿಕೊಂಡ ದಿನ ಅವಳು ಹಗ್ಗ ಮಾರಲು ಸಂತೆಗೆ ಹೋಗಿದ್ದಳು. ಈಗ ಕಿರಿಯವಳು ಚೆನ್ನಿ ಮೂರು ತಿಂಗಳ ಬಸುರಿ. ನಿನ್ನ ಹೊತ್ತಿಗೆ ನಾನು ಪಕ್ಕದಲ್ಲೇ ಇರುತ್ತೇನೆ ಎಂದು ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದಳು. ಆದರೂ ಎಲೆಯಡಿಕೆಯಷ್ಟು ಹೊತ್ತು ತಾನೇ ಎಂದು ಹಿಡಿದಳು. ಬೈರೋಜ ಎಲ್ಲೆ ಮುಟ್ಟುವಷ್ಟರಲ್ಲಿ, ಅರಮನೆಯನ್ನು ಹೊಳೆಯ ಕಡೆಗೆ ಸರಿಸು ಎಂದು ರಾಜನಿಂದ ಅಪ್ಪಣೆ ಬಂತು. ಬೈರೋಜನಿಗೆ ಸಿಟ್ಟು ನೆತ್ತಿಗೇರಿತು. ತನ್ನ ತುದಿಯನ್ನು ಒಂದು ಹುಣಸೆಮರಕ್ಕೆ ಬಿಗಿದು, ಹೊಳೆ ದಾಟಿ ಹೋದವನು ಈವರೆಗೂ ಬಂದಿಲ್ಲ.

ಮಂತ್ರಿಗಳು ಅಷ್ಟರಲ್ಲೇ ಒಳ್ಳೊಳ್ಳೆಯ ಮೂಲೆ ನಿವೇಶನಗಳನ್ನು ಹಂಚಿಕೊಂಡಿದ್ದರು. ಮುದುಕಿ ಕೈಬಿಟ್ಟರೆ ಎಲ್ಲ ಮೊದಲಿನಿಂದ! ಹೊತ್ತುಹೊತ್ತಿಗೆ ಮುದ್ದೆ ಕಳಿಸಿದರು, ನಿದ್ದೆ ಬಂದಾಗ ಹಗ್ಗ ಜಾರದಂತೆ ಅವಳ ಬಲಗೈಯ ಬೆರಳು ಮಡಿಸಿ ಬಟ್ಟೆ ಸುತ್ತಿಸಿದರು. ಸುತ್ತ ಕೆಲಸ ಶುರುವಾಯಿತು. ಪೂರ್ವಕ್ಕೆ ಖಜಾನೆ, ಪಶ್ಚಿಮಕ್ಕೆ ಉಗ್ರಾಣ, ದಕ್ಷಿಣಕ್ಕೆ ದಂಡಿನ ಕಚೇರಿ, ಉತ್ತರಕ್ಕೆ ದಫ್ತರಖಾನೆ. ನಾಲ್ಕಕ್ಕೂ ಬೀದಿಯ ಕಡೆ ಮುಖ, ಅವಳ ಕಡೆ ಬೆನ್ನು. ನಕ್ಷೆಯಲ್ಲಿ ಆ ಜಾಗ ಖಾಲಿ ಇದ್ದುದರಿಂದ ಯಾರೂ ಅದಕ್ಕೆ ಬಾಗಿಲಿಡಲಿಲ್ಲ. ಹುಣಸೆಮರದತ್ತ ಹೋಗುವ ಹಗ್ಗಕ್ಕೆ ಮಾತ್ರ ಖಜಾನೆಯ ಅಡಿಪಾಯದಲ್ಲಿ ಒಂದು ತೂತು ಬಿಟ್ಟರು. ಅದರಲ್ಲಿ ಇಲಿ ನುಸುಳಬಹುದು, ಈರಕ್ಕ ನುಸುಳುವಂತಿರಲಿಲ್ಲ. ಗೋಡೆ ಎದ್ದ ಹಾಗೆಲ್ಲ ಮೊದಲು ಅವಳ ಹಟ್ಟಿ ಮರೆಯಾಯಿತು, ಆಮೇಲೆ ಹಟ್ಟಿಯ ಹೊಗೆ ಮರೆಯಾಯಿತು, ಕೊನೆಗೆ ತಲೆಯ ಮೇಲೆ ಹಾಸುಗಂಬಳಿಯಷ್ಟು ಆಕಾಶ ಉಳಿಯಿತು. ಸರ್ಕಾರಿ ಕಟ್ಟಡ ಆರು ತಿಂಗಳಲ್ಲಿ ಎದ್ದಿತೇ ಎಂದು ಕೇಳಬೇಡಿ. ಆ ಕಾಲು ಪಾಲು ಇದೇ ಇರಬಹುದು.

ದಫ್ತರಖಾನೆಗೆ ಮಾತ್ರ ಹಿಂದೊಂದು ಕಿಟಕಿಯಿತ್ತು, ಹುಳ ಹಿಡಿದ ಓಲೆಗರಿಗಳನ್ನು ಎಸೆಯಲು. ಮುದ್ದೆ ಬರುತ್ತಿದ್ದದ್ದೂ ಅಲ್ಲಿಂದಲೇ. 'ಬಿಡು' ಎನ್ನುವವನನ್ನು ಕರೆಸು ಎಂದು ಕರಣಿಕ ಸಂಪಣ್ಣನನ್ನು ಈರಕ್ಕ ದಿನವೂ ಕೇಳುತ್ತಿದ್ದಳು. ಅವನು, "ನಾನು ಓಲೆಗಷ್ಟೇ ಅಧಿಕಾರಿ, ಹಗ್ಗಕ್ಕಲ್ಲ. ಖಜಾನೆಯವರನ್ನು ಕೇಳು" ಎನ್ನುತ್ತಿದ್ದ. ಗೋಡೆಯಾಚೆಗೆ ಕೂಗಿ ಕೇಳಿದರೆ ಖಜಾನೆಯವರು ದಂಡಿನವರನ್ನು ತೋರಿಸುತ್ತಿದ್ದರು, ದಂಡಿನವರು ಉಗ್ರಾಣವನ್ನು, ಉಗ್ರಾಣದವರು ಮತ್ತೆ ಸಂಪಣ್ಣನನ್ನು.

ಆಗ ಅವಳು ಕೇಳುವುದನ್ನು ಬಿಟ್ಟಳು. "ಅಯ್ಯಾ, ನಿನ್ನ ಓಲೆ ಕಟ್ಟಲಿಕ್ಕೆ ಹುರಿ ಹೊಸೆದುಕೊಡ್ತೀನಿ, ನಾರು ಹಾಕು" ಎಂದಳು. ಪುಕ್ಕಟೆ ಹುರಿ ಸಿಗುತ್ತದೆಂದು ಸಂಪಣ್ಣ ಹೊರೆಗಟ್ಟಲೆ ನಾರು ಎಸೆದ. ಈರಕ್ಕ ಒಂದು ಪಾಲು ಅವನಿಗೆ ಹುರಿ ಹೊಸೆದಳು; ಒಂಬತ್ತು ಪಾಲನ್ನು ಎಡಗೈ, ಹಲ್ಲು, ಕಾಲ್ಬೆರಳುಗಳಿಂದ ತನ್ನ ಕೈಯಲ್ಲಿದ್ದ ಬಾಲಕ್ಕೇ ಸೇರಿಸಿ ಹೊಸೆದಳು. ಹಟ್ಟಿಗೆ ಎಷ್ಟು ಹೆಜ್ಜೆಯೆಂದು ಅವಳಿಗೆ ಗೊತ್ತಿತ್ತು. ಹಗ್ಗ ಸುರುಳಿಯಾಗಿ ಬೆಳೆದು ಅವಳ ಸೊಂಟ ಮುಟ್ಟಿತು.

ಒಂದು ದಿನ ಸಂಪಣ್ಣ ಕಿಟಕಿಯಲ್ಲಿ ಮುಖ ತೋರಿಸಿ, "ನಿಮ್ಮ ಹಟ್ಟಿಯವರು ಯಾರೋ ಬಂದಿದ್ದರು. ನಿನ್ನ ಮಗಳಿಗೆ ಬೆಳಗಿನಿಂದ ನೋವಂತೆ" ಎಂದ.

"ಒಳಕ್ಕೆ ಬಿಡಲಿಲ್ವೇನೋ, ಪುಣ್ಯಾತ್ಮ?"

"ಯಾವ ಬಾಗಿಲಿಂದ ಬಿಡಲಿ?"

ಮಧ್ಯಾಹ್ನ ಉಂಡ ಮೇಲೆ ಆಡಳಿತವೆಲ್ಲ ಒರಗಿಕೊಳ್ಳುವ ಹೊತ್ತು. ಈರಕ್ಕ ಹಗ್ಗದ ಸುರುಳಿಯ ಮೇಲೆಯೇ ಹತ್ತಿ, ಕಿಟಕಿ ತೂರಿ, ಗೊರಕೆ ಹೊಡೆಯುತ್ತಿದ್ದ ಸಂಪಣ್ಣನನ್ನು ದಾಟಿ ಬೀದಿಗೆ ಬಂದಳು. ಹೊಸ ತುದಿ ಮುಷ್ಟಿಯಲ್ಲಿ, ಹಗ್ಗ ಹಿಂದೆ ಬಿಚ್ಚಿಕೊಳ್ಳುತ್ತ ಹಾವಿನಂತೆ. ಅವಳು ಹಗ್ಗ ಬಿಟ್ಟಿರಲಿಲ್ಲ, ಹಿಡಿದುಕೊಂಡೇ ಹೊರಟಿದ್ದಳು. ಬೀದಿಯ ನೇರ ಅವಳಿಗೆ ಬೇಕಿರಲಿಲ್ಲ, ಮಗಳ ನೇರಕ್ಕೆ ನಡೆದಳು. ಮಂತ್ರಿಗಳು ಎದ್ದು ನೋಡಿದರೆ ಪಟ್ಟಣಕ್ಕೆ ಅಡ್ಡಲಾಗಿ ಹಗ್ಗ! ಕಡಿಯೋಣವೆಂದರೆ ನಿವೇಶನ ಹೋಗುತ್ತದೆ. ಹಗ್ಗ ಇನ್ನೂ ಬೆಳೆಯದಿರಲೆಂದು ಅವರು ಅಟ್ಟಿದ ಕುದುರೆಯವರು ಹಟ್ಟಿಗೆ ಧಾವಿಸಿ, ಈರಕ್ಕನಿಗೆ ಒಂದು ಎಳೆ ನಾರು ಕೊಟ್ಟವರು ರಾಜದ್ರೋಹಿಗಳು ಎಂದು ಡಂಗುರ ಹೊಡೆದರು.

ಲೆಕ್ಕ ತಪ್ಪಿದ್ದು ಒಂದೇ ಕಡೆ. ಗೋಡೆಗಳ ಒಳಗೆ ಕೂತಿದ್ದವಳಿಗೆ ಹೊರಗೆ ಕೋಟೆ ಎದ್ದದ್ದು ಗೊತ್ತಿರಲಿಲ್ಲ. ಹೆಬ್ಬಾಗಿಲಿಗೆ ಬಳಸಿ ಬರಬೇಕಾಯಿತು, ಆ ಬಳಸು ಹಗ್ಗ ತಿಂದಿತು. ಈ ಕಲ್ಲಿದ್ದಲ್ಲಿಗೆ ಬಂದಾಗ ಹಗ್ಗ ಬಿಗಿಯಿತು. ಎದುರಿಗೆ ಹೊಸ್ತಿಲು, ಒಳಗೆ ಚೆನ್ನಿಯ ಕೂಗು, ನಡುವೆ ಹನ್ನೆರಡು ಹೆಜ್ಜೆ.

"ಅವ್ವಾ, ಬಿಟ್ಟು ಬಾರೇ!" ಎಂದು ಚೆನ್ನಿ ಒಳಗಿನಿಂದ ಅರಚಿದಳು.

"ಬಿಟ್ಟರೆ ಹಟ್ಟಿಯ ಅನ್ನ ಹೋಗ್ತದೆ ಮಗಳೇ. ಹಿಡಿ ಅಂದೋನು ಬಂದಿಲ್ಲ."

ಹಟ್ಟಿಯ ಹೆಂಗಸರು ಕುದುರೆಯವರ ಮುಖ ನೋಡಿದರು. ನಾರು ಕೊಡಬಾರದೆಂದು ಅಪ್ಪಣೆಯಿತ್ತು; ಮಗಳನ್ನು ಕೊಡಬಾರದೆಂದು ಇರಲಿಲ್ಲ. ಚೆನ್ನಿಯನ್ನು ಚಾಪೆಸಮೇತ ಎತ್ತಿ ತಂದು ತಾಯಿಯ ಮುಂದೆ ಮಲಗಿಸಿದರು, ಸುತ್ತ ಸೀರೆ ಹಿಡಿದು ನಿಂತರು, ಗಂಡಸರು ಮನೆಯ ಗಳ ಕಿತ್ತು ತಂದು ಮೇಲೆ ಚಪ್ಪರ ಹಾಕಿದರು. ಮಗು ತಿರುಗಿಕೊಂಡಿತ್ತಂತೆ. ಈರಕ್ಕ ಎಡಗೈ ಒಂದರಲ್ಲೇ ಅದನ್ನು ಸರಿಮಾಡಿ ಹೊರತೆಗೆದಳು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಆ ಚಪ್ಪರವನ್ನು ಮತ್ತೆ ಬಿಚ್ಚಲಿಲ್ಲ. ಹಗ್ಗ ಉದ್ದವಾಗದಿದ್ದರೇನು, ಮನೆಯನ್ನೇ ಹನ್ನೆರಡು ಹೆಜ್ಜೆ ಉದ್ದ ಮಾಡಿದರು. ಈರಕ್ಕ ಕೊನೆಯವರೆಗೂ ಇದೇ ಕಲ್ಲಿನ ಮೇಲೆ, ಒಂದು ಕೈಯಲ್ಲಿ ರಾಜಧಾನಿ, ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದು ಕೂತಿದ್ದಳು ಎನ್ನುತ್ತಾರೆ. ಹಗ್ಗದ ಆಚೀಚೆ ಮನೆಗಳೆದ್ದು ದಾರಿಯಾಯಿತು.

ಈಗಲೂ ದಫ್ತರಖಾನೆಯ ಕಿಟಕಿಯ ಕಲ್ಲಿನಲ್ಲಿ ಹಗ್ಗ ಉಜ್ಜಿದ ತೋಡು ಇದೆ, ಬೆರಳಿಟ್ಟು ನೋಡಬಹುದು. ಬಾಣಂತನಕ್ಕೆ ಮಗಳನ್ನು ಕರೆತರುವ ತಾಯಂದಿರು ಈ ಕಲ್ಲನ್ನು ಎಡಗೈಯಲ್ಲೇ ಮುಟ್ಟುತ್ತಾರೆ. ಆ ಹನ್ನೆರಡು ಹೆಜ್ಜೆಯ ಚಪ್ಪರದಲ್ಲೇ ಈ ಚಹಾದಂಗಡಿ ಇರುವುದು. ನಾನು ಬೆಳಗಿನಿಂದ ಈ ಬೆಂಚನ್ನು ಹಿಡಿದು ಕೂತಿದ್ದೇನೆ, ಸ್ವಾಮಿ. ನನಗೆ 'ಬಿಡು' ಎನ್ನಬೇಕಾದವನು ಅಗೋ, ಆ ಕೆಟಲ್ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಾನೆ. ನನ್ನ ಚಹಾದ ಕಾಸು ನೀವು ಕೊಟ್ಟುಬಿಡಿ.